ಬೀಗ ಬಂದದ್ದು ಕಾವಲು ಹೋದ ಮೇಲೆ

ಮೋಟರ್‌ಸೈಕಲ್ಲಿಗೆ ಸೈಡ್ ಬ್ಯಾಗು ಕೊಳ್ಳಹೊರಟವರು ಅಂಗಡಿಯಲ್ಲಿ ಮುಖ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟು ವರ್ಷ ಬಾಳುತ್ತದೆ, ಬೀಗ ಇದೆಯೇ. ಮೊದಲನೆಯ ಪ್ರಶ್ನೆ ಬಹಳ ಹಳೆಯದು. ಎರಡನೆಯದು, ಅದರ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ, ನಿನ್ನೆ ಮೊನ್ನೆಯದು. ಎತ್ತು, ಕತ್ತೆ, ಕುದುರೆ, ಕೋಣಗಳ ಬೆನ್ನಿನ ಎರಡು ಮಗ್ಗುಲಿಗೂ ಚೀಲ ಇಳಿಬಿಟ್ಟು ಸರಕು ಸಾಗಿಸಿದ ದೀರ್ಘ ಚರಿತ್ರೆಯಲ್ಲಿ ಚೀಲದ ಬಾಯಿಗೆ ಹಗ್ಗವಿತ್ತು, ಹೊಲಿಗೆಯಿತ್ತು, ಕೆಲವೊಮ್ಮೆ ಅರಗಿನ ಮುದ್ರೆಯಿತ್ತು. ಬೀಗ ಮಾತ್ರ ತೀರಾ ಅಪರೂಪ. ಆ ದಾರಿಗಳಲ್ಲಿ ಕಳ್ಳರಿರಲಿಲ್ಲ ಎಂದಲ್ಲ. ಕಾಡುದಾರಿಯ ದರೋಡೆಯ ಕತೆಗಳಿಗೆ ನಮ್ಮಲ್ಲಿ ಬರವಿಲ್ಲ. ಬೀಗ ತಯಾರಿಸುವ ಕುಶಲತೆ ಇರಲಿಲ್ಲ ಎಂದೂ ಅಲ್ಲ. ದೇವಸ್ಥಾನದ ಬಾಗಿಲಿಗೂ ಸೆಟ್ಟಿಯ ತಿಜೋರಿಗೂ ಹಾಕಲು ಬೀಗಗಳಿದ್ದವು. ಹಾಗಿದ್ದರೂ ಹೇರಿನ ಚೀಲ ಬೀಗವಿಲ್ಲದೆ ನಡೆದದ್ದಕ್ಕೆ ಕಾರಣ, ಅದನ್ನು ಯಾರೂ ಒಂಟಿಯಾಗಿ ಬಿಟ್ಟು ಹೋಗುತ್ತಿರಲಿಲ್ಲ ಎಂಬುದು. ಕಳ್ಳರು ಹೆಚ್ಚಿದ್ದರಿಂದ ಚೀಲಕ್ಕೆ ಬೀಗ ಬಂದದ್ದಲ್ಲ, ಕಾಯುವವರು ಪಕ್ಕದಿಂದ ಸರಿದದ್ದರಿಂದ ಬಂತು.

ಕನ್ನಡ ನಾಡಿನಲ್ಲಿ ಈ ಮಾತಿಗೆ ಸಾಕ್ಷಿ ಹೇರಳ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘದ ಶಾಸನಗಳು ಅವರ ದೇಶಸಂಚಾರವನ್ನೂ ಸರಕನ್ನೂ ಹೊಗಳುವುದರ ಜೊತೆಗೆ ಅವರ ಶೌರ್ಯವನ್ನೂ ಹೊಗಳುತ್ತವೆ. ವ್ಯಾಪಾರಿಯ ಪ್ರಶಸ್ತಿಯಲ್ಲಿ ವೀರನ ಬಿರುದುಗಳು ಯಾಕೆ ಬಂದವು ಎಂದು ಅಚ್ಚರಿಪಡಬೇಕಿಲ್ಲ. ಸರಕಿನ ಭದ್ರತೆ ಸರಕಿನ ಜೊತೆ ನಡೆಯುವ ಮನುಷ್ಯನ ತೋಳಿನಲ್ಲಿತ್ತು. ಈ ಸಂಘದ ಶಾಸನಗಲ್ಲುಗಳ ಮೇಲೆ ಕೆತ್ತಿದ ಲಾಂಛನಗಳಲ್ಲಿ ಆಯುಧಗಳ ಸಾಲಿನಲ್ಲೇ ವರ್ತಕರ ಚೀಲವೂ ಕಾಣಸಿಗುತ್ತದೆ. ಸುಂಕವನ್ನು ಎತ್ತಿನ ಹೇರಿಗೆ ಇಷ್ಟು, ಕತ್ತೆಯ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂದು ಗೊತ್ತುಮಾಡುತ್ತಿದ್ದರು. ಅಂದರೆ ಸುಂಕದ ಕಟ್ಟೆಯವನು ಚೀಲವನ್ನು ನೋಡಿಯೇ ಲೆಕ್ಕ ಹಾಕುವಷ್ಟರ ಮಟ್ಟಿಗೆ ಅದರ ಗಾತ್ರ ರೂಢಿಯಲ್ಲಿ ನಿಂತಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎನ್ನುವ ಗಾದೆ ಹುಟ್ಟಿದ್ದು ಇಂಥ ಕಟ್ಟೆಗಳ ಎದುರಿಗೇ ಇರಬೇಕು.

ಸರಕಿನ ಜೊತೆಗೇ ನಡೆದು ಕಾಯುವ ಈ ಪದ್ಧತಿಯನ್ನು ಅದರ ತುತ್ತತುದಿಗೆ ಒಯ್ದವರು ಲಂಬಾಣಿಗಳು, ಅಂದರೆ ಬಂಜಾರರು. 1632ರಲ್ಲಿ ಉತ್ತರ ಭಾರತದಲ್ಲಿ ಸಂಚರಿಸಿದ ಇಂಗ್ಲಿಷ್ ವರ್ತಕ ಪೀಟರ್ ಮಂಡಿ 14,000 ಎತ್ತುಗಳ ಒಂದು ತಾಂಡಾವನ್ನು, ಅಂದರೆ ಸಂಚಾರಿ ತಂಡವನ್ನು, ಕಂಡು ಬರೆದಿಟ್ಟಿದ್ದಾನೆ. ಅದೇ ಶತಮಾನದ ಫ್ರೆಂಚ್ ರತ್ನವರ್ತಕ ಟವೆರ್ನಿಯೆ, ಇಂಥ ತಂಡಗಳು ಎದುರಾದರೆ ಕಿರುದಾರಿಯಲ್ಲಿ ದಿನಗಟ್ಟಲೆ ಕಾಯಬೇಕಾಗುತ್ತಿತ್ತೆಂದೂ, ಧಾನ್ಯ, ಅಕ್ಕಿ, ಬೇಳೆ, ಉಪ್ಪು ಹೀಗೆ ಒಂದೊಂದು ಪಂಗಡ ಒಂದೊಂದು ಸರಕನ್ನು ಮಾತ್ರ ಹೊರುತ್ತಿತ್ತೆಂದೂ ಹೇಳುತ್ತಾನೆ. ಒಂದು ಎತ್ತಿನ ಮೇಲೆ ನೂರು ಕಿಲೋಗೂ ಮಿಕ್ಕಿದ ಭಾರ. ಅದನ್ನು ಹೊತ್ತ ಗೋಣಿ ಸಣಬಿನ ನಾರಿನದು. ಲಂಬಾಣಿಗಳು ನಾರು ಹೊಸೆದು ತಾವೇ ಚೀಲ ಮಾಡಿಕೊಳ್ಳುತ್ತಿದ್ದರು. ಮೈಸೂರು ಸೀಮೆಯಲ್ಲಂತೂ ಗೋಣಿ ನೇಯುವುದನ್ನೇ ಕಸುಬಾಗಿ ಹಿಡಿದ ಗೋಣಿಗರೆಂಬ ಸಮುದಾಯವಿತ್ತು. ಚೀಲ ಹರಿದರೆ ಹೊಲಿಯುವ ಸೂಜಿ, ದಾರ, ಕೈ ಮೂರೂ ಜೊತೆಗೇ ನಡೆಯುತ್ತಿದ್ದವು. ಬಾಳಿಕೆ ಎಂದರೆ ಎಂದೂ ಹರಿಯದಿರುವುದು ಎಂದು ನಾವು ಇಂದು ತಿಳಿಯುತ್ತೇವೆ. ಅವರಿಗೆ ಅದು ಹರಿದಲ್ಲೇ ಸರಿಹೋಗುವುದಾಗಿತ್ತು.

ಆ ಹೇರಿನ ನಿಜವಾದ ಚಾತುರ್ಯ ನೂಲಿನಲ್ಲಿರಲಿಲ್ಲ, ತೂಕದಲ್ಲಿತ್ತು. ಎರಡು ಮಗ್ಗುಲ ಚೀಲಗಳು ಸರಿತೂಕವಾಗಿದ್ದರೆ ಒಂದನ್ನೊಂದು ಹಿಡಿದುಕೊಂಡು ತಾವಾಗಿಯೇ ಕೂರುತ್ತವೆ. ಎತ್ತಿನ ಬೆನ್ನಿಗೆ ಬಿಗಿದು ಕಟ್ಟುವ ಅಗತ್ಯ ಕಡಿಮೆ. ಸಂಜೆ ಬಿಡಾರ ಬಿಟ್ಟಾಗ ಕ್ಷಣದಲ್ಲಿ ಇಳಿಸಬಹುದು. ಒಂದು ಕಡೆ ಎರಡು ಸೇರು ಹೆಚ್ಚಾದರೂ ಬೆನ್ನು ಉಜ್ಜಿ ಹುಣ್ಣಾಗುತ್ತದೆ, ಹುಣ್ಣಾದ ಎತ್ತು ಹಿಂದುಳಿಯುತ್ತದೆ, ಹಿಂದುಳಿದ ಎತ್ತಿನ ಸರಕು ಕಳ್ಳನ ಪಾಲು. ಇಲ್ಲಿ ತೂಕವೂ ಭದ್ರತೆಯೂ ಎರಡು ಬೇರೆ ವಿಷಯಗಳಲ್ಲ. ರಾತ್ರಿಯ ಏರ್ಪಾಡು ಇನ್ನೂ ಸ್ವಾರಸ್ಯವಾದದ್ದು. ಇಳಿಸಿದ ಗೋಣಿಗಳನ್ನು ಸುತ್ತಲೂ ಒಟ್ಟಿ ಗೋಡೆ ಕಟ್ಟಿ, ದನಗಳನ್ನು ಒಳಗೆ ಕೂಡಿ, ನಾಯಿಗಳನ್ನು ಬಿಟ್ಟು ಮಲಗುತ್ತಿದ್ದರು. ಹಗಲು ಕಾಯಬೇಕಾಗಿದ್ದ ಚೀಲವೇ ರಾತ್ರಿ ಕಾಯುವ ಕೋಟೆ. ಇಂಥ ಬಿಡಾರಕ್ಕೆ ಬೀಗದಿಂದ ಆಗುವ ಉಪಕಾರವೇನು?

ಈ ಏರ್ಪಾಡಿನ ಬೆಲೆ ಯುದ್ಧಕಾಲದಲ್ಲಿ ಬಯಲಾಯಿತು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್, ಎತ್ತುಗಳು ಸತ್ತು ದವಸ ಮುಗಿದು, ಭಾರಿ ತೋಪುಗಳನ್ನು ತಾನೇ ಹಾಳುಗೆಡವಿ ಹಿಂದೆ ಸರಿಯಬೇಕಾಯಿತು. ಮುಂದಿನ ವರ್ಷ ಅವನು ಗೆದ್ದು ಟಿಪ್ಪುವಿನಿಂದ ಅರ್ಧ ರಾಜ್ಯ ಕಿತ್ತುಕೊಂಡದ್ದಕ್ಕೆ ಸೈನ್ಯ ಎಷ್ಟು ಕಾರಣವೋ ಬೆನ್ನಿಗೆ ಬಂದ ಬಂಜಾರರ ಹೇರೆತ್ತುಗಳೂ ಅಷ್ಟೇ ಕಾರಣ. ಕೆಲವು ವರ್ಷಗಳ ನಂತರ ಇನ್ನೊಬ್ಬ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಇದೇ ನಾಡಿನಲ್ಲಿ ಇದೇ ಜನರನ್ನು ನೆಚ್ಚಿ ಸೈನ್ಯಕ್ಕೆ ಕಾಳು ಒದಗಿಸಿದ. ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪ ಬಂದೇ ಬರುತ್ತದೆ: ಇದು ಹಳೆಯದಕ್ಕೆ ಚಿನ್ನದ ಮುಲಾಮು ಹಚ್ಚುವ ಮಾತಲ್ಲವೇ? ತಾಂಡಾಗಳೂ ಲೂಟಿಯಾದವು, ಕೆಲವು ತಾಂಡಾಗಳ ಮೇಲೆ ಲೂಟಿಯ ಆಪಾದನೆಯೂ ಇತ್ತು. ಒಪ್ಪತಕ್ಕ ಮಾತೇ. ಹೇರಿನ ಕಾಲ ಹೆಚ್ಚು ಸುರಕ್ಷಿತವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕಾವಲಿನ ಖರ್ಚು ಅಲ್ಲಿ ಬೇರೆ ಬಾಬಿನಲ್ಲಿ ಬೀಳುತ್ತಿತ್ತು. ಹೆಂಗಸರು, ಮಕ್ಕಳು, ಮುದುಕರು ಸಮೇತ ಇಡೀ ಕುಟುಂಬ ವರ್ಷದ ಬಹುಪಾಲು ದಾರಿಯಲ್ಲೇ ಕಳೆಯುವುದು ಆ ಭದ್ರತೆಗೆ ತೆತ್ತ ಬೆಲೆ. ಅದು ಅಗ್ಗವೇನೂ ಅಲ್ಲ. ಉಪ್ಪಿನ ಧಾರಣೆಯೊಳಗೆ ಅದು ಕಾಣದಂತೆ ಸೇರಿಹೋಗಿರುತ್ತಿತ್ತು ಅಷ್ಟೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯದು, ಅದಕ್ಕೆ ಅಮೆರಿಕಕ್ಕೆ ಹೋಗಬೇಕು. 1860ರ ಏಪ್ರಿಲ್‌ನಿಂದ 1861ರ ಅಕ್ಟೋಬರ್‌ವರೆಗೆ ನಡೆದ ಪೋನಿ ಎಕ್ಸ್‌ಪ್ರೆಸ್ ಎಂಬ ಕುದುರೆ ಅಂಚೆ, ಮಿಸೌರಿಯ ಸೇಂಟ್ ಜೋಸೆಫ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಸುಮಾರು 3,000 ಕಿಲೋಮೀಟರ್ ದಾರಿಯನ್ನು ಹತ್ತು ದಿನಗಳಲ್ಲಿ ಕ್ರಮಿಸುತ್ತಿತ್ತು. ಅದರ ಚೀಲದ ಹೆಸರು ಮೊಚೀಲಾ: ಜೀನಿನ ಮೇಲೆ ಹೊದಿಸುವ ತೊಗಲಿನ ಹಾಸು, ಅದರ ನಾಲ್ಕು ಮೂಲೆಗೆ ನಾಲ್ಕು ಗಟ್ಟಿ ತೊಗಲಿನ ಪೆಟ್ಟಿಗೆ. ಕಟ್ಟುವುದಿಲ್ಲ, ಬಿಗಿಯುವುದಿಲ್ಲ, ಸವಾರ ಅದರ ಮೇಲೆ ಕೂತರೆ ಅವನ ಭಾರವೇ ಅದನ್ನು ಹಿಡಿದಿಡುತ್ತಿತ್ತು. ಕುದುರೆ ಬದಲಿಸುವಾಗ ಎರಡು ನಿಮಿಷದಲ್ಲಿ ಎತ್ತಿ ಇನ್ನೊಂದರ ಮೇಲೆ ಹಾಸಿ ಹೊರಡಬಹುದಿತ್ತು. ಕಾಗದಗಳನ್ನು ಎಣ್ಣೆ ಹಾಕಿದ ರೇಷ್ಮೆಯಲ್ಲಿ ಸುತ್ತುತ್ತಿದ್ದರು. ಬಾಳಿಕೆ, ತ್ವರೆ, ನೀರಿನಿಂದ ರಕ್ಷಣೆ ಮೂರನ್ನೂ ಒಂದೇ ವಿನ್ಯಾಸದಲ್ಲಿ ಸಾಧಿಸಿದ ಬೇರೊಂದು ಜೀನುಚೀಲ ನನಗೆ ತಿಳಿದಂತೆ ಇಲ್ಲ. ಆದರೆ ಆ ನಾಲ್ಕು ಪೆಟ್ಟಿಗೆಗಳಲ್ಲಿ ಮೂರಕ್ಕೆ ಬೀಗವಿತ್ತು. ಸವಾರ ಚೀಲದ ಮೇಲೇ ಕೂತಿದ್ದರೂ ಬೀಗ! ಹಾಗಾದರೆ ನನ್ನ ವಾದ ಬಿದ್ದುಹೋಯಿತೇ?

ಬೀಳಲಿಲ್ಲ, ಆ ಬೀಗ ಯಾರ ವಿರುದ್ಧ ಎಂದು ಕೇಳಬೇಕು. ದಾರಿಗಳ್ಳ ಅಡ್ಡಗಟ್ಟಿದರೆ ಕುದುರೆಯ ಸಮೇತ ಎಲ್ಲವನ್ನೂ ಒಯ್ಯುತ್ತಾನೆ, ಬಿಡುವಾದಾಗ ತೊಗಲನ್ನು ಚಾಕುವಿನಿಂದ ಸೀಳುತ್ತಾನೆ. ಬೀಗ ತಡೆಯುತ್ತಿದ್ದದ್ದು ಚೀಲ ಸಾಗಿಸುವವರ ಕೈಯನ್ನೇ. ಬೀಗದ ಕೈ ಸವಾರನ ಬಳಿ ಇರುತ್ತಿರಲಿಲ್ಲ, ದಾರಿಯ ಗೊತ್ತಾದ ಕೆಲವೇ ಠಾಣೆಗಳಲ್ಲಿ ಇರುತ್ತಿತ್ತು. ನಾಲ್ಕನೆಯ ಪೆಟ್ಟಿಗೆ ದಾರಿಯ ಊರುಗಳ ಕಾಗದಕ್ಕಾಗಿ ತೆರೆದೇ ಇರುತ್ತಿತ್ತು. ನಮ್ಮ ಅಂಚೆ ಚೀಲಗಳ ಬಾಯಿಗೆ ಒತ್ತಿದ ಅರಗಿನ ಮುದ್ರೆಯೂ ಇದನ್ನೇ ಮಾಡುತ್ತಿತ್ತು. ಅದು ಯಾರನ್ನೂ ತಡೆಯದು, ಯಾರೋ ತೆರೆದರೆಂದು ಸಾರುತ್ತದೆ. ಸರಕಿನ ಒಡೆಯ ಮನೆಯಲ್ಲಿ ಕೂತು, ಗುರುತಿಲ್ಲದವರ ಕೈಯಿಂದ ಕೈಗೆ ಚೀಲ ದಾಟಿಸುವಲ್ಲಿ ಬೀಗ ಹುಟ್ಟುತ್ತದೆ. ಒಡೆಯ ಜೊತೆಗಿಲ್ಲ ಎಂಬುದೇ ಇಲ್ಲಿಯೂ ಮೂಲ.

ಹೇರೆತ್ತು ಸತ್ತದ್ದು ರಸ್ತೆಯಿಂದ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಘಟ್ಟಗಳಲ್ಲಿ ಗಾಡಿ ಹೋಗುವ ದಾರಿಗಳು ಬಂದವು. ಧಾರವಾಡ ಸೀಮೆಯ ಹತ್ತಿ ಕುಮಟೆಯ ಬಂದರಿಗೆ ಗಾಡಿಯಲ್ಲಿ ಇಳಿಯತೊಡಗಿತು, 1880ರ ದಶಕದಲ್ಲಿ ಹುಬ್ಬಳ್ಳಿಯ ಕಡೆಗೆ ರೈಲೂ ಬಂತು. ಸರಕು ಗೋದಾಮಿಗೂ ವ್ಯಾಗನ್ನಿಗೂ ಸೇರಿತು. ಕಾವಲು ಪೋಲೀಸರ ಕೆಲಸವಾಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಬಂಜಾರರ ಕೆಲವು ಗುಂಪುಗಳೂ ಬಂದವು. ಒಂದು ಕಾಲಕ್ಕೆ ಇಡೀ ಸೈನ್ಯದ ಅನ್ನವನ್ನು ನಂಬಿ ಒಪ್ಪಿಸಿದ್ದ ಸರಕಾರವೇ ಅವರನ್ನು ಹುಟ್ಟಿನಿಂದ ಕಳ್ಳರೆಂದು ಬರೆದುಕೊಂಡಿತು. ಭದ್ರತೆಯ ಚರಿತ್ರೆಯಲ್ಲಿ ಇಷ್ಟು ಕೃತಘ್ನವಾದ ಪುಟ ಇನ್ನೊಂದಿದ್ದರೆ ನಾನು ಕಂಡಿಲ್ಲ.

ಮೋಟರ್‌ಸೈಕಲ್ಲು ಬಂದಾಗ ಅದರ ಚೀಲ ಕುದುರೆಯ ಚೀಲದ ನೇರ ವಾರಸುದಾರ. ಎರಡನೆಯ ಮಹಾಯುದ್ಧದಲ್ಲಿ ಹಾರ್ಲೆ ಡೇವಿಡ್‌ಸನ್ ಅಮೆರಿಕದ ಸೈನ್ಯಕ್ಕೆ ಹತ್ತಾರು ಸಾವಿರ ಸಂಖ್ಯೆಯಲ್ಲಿ ಕೊಟ್ಟ ಡಬ್ಲ್ಯುಎಲ್‌ಎ ಗಾಡಿಯ ಹಿಂಚಕ್ರದ ಎರಡು ಬದಿಗಿದ್ದದ್ದು ತೊಗಲಿನ ಚೀಲ, ಪಟ್ಟಿ, ಬಕಲ್. ಸೈನಿಕ ಶಿಬಿರದಲ್ಲಿ ಪಹರೆ ಇತ್ತು, ಬಕಲ್ ಸಾಕಿತ್ತು. ಯುದ್ಧ ಮುಗಿದು ಗಾಡಿ ಊರೊಳಗೆ ಬಂದು, ಸವಾರ ಅದನ್ನು ಬೀದಿಯಲ್ಲಿ ನಿಲ್ಲಿಸಿ ಕಚೇರಿಗೋ ಹೋಟೆಲಿಗೋ ನಡೆದಾಗ ಚೀಲ ದಿನಾ ಒಂಟಿಯಾಯಿತು. ಎತ್ತನ್ನು ಹೀಗೆ ಹೇರು ಸಮೇತ ಬೀದಿಯಲ್ಲಿ ಬಿಟ್ಟು ಹೋದವರಿಲ್ಲ. ಬ್ರಿಟನ್ನಿನ ಕ್ರೇವೆನ್, ಜರ್ಮನಿಯ ಕ್ರೌಸರ್ ಮುಂತಾದವರ ಗಟ್ಟಿ ಪೆಟ್ಟಿಗೆಗಳು ಯುದ್ಧದ ನಂತರದ ದಶಕಗಳಲ್ಲಿ ಜನಪ್ರಿಯವಾದದ್ದು ಈ ಹೊಸ ಒಂಟಿತನಕ್ಕೆ ಉತ್ತರವಾಗಿ. ಕೀಲಿ ತಿರುಗಿಸಿದರೆ ಮುಚ್ಚಳ ಭದ್ರ. ಇನ್ನೊಮ್ಮೆ ತಿರುಗಿಸಿದರೆ ಪೆಟ್ಟಿಗೆಯೇ ಗಾಡಿಯಿಂದ ಕಳಚಿ ಸೂಟ್‌ಕೇಸಾಗುತ್ತದೆ. ನಮ್ಮಲ್ಲಿ ಬೇರೆ ರೀತಿ ನಡೆಯಿತು. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ ಜಾವಾ ಗಾಡಿಗಳಿಗೆ ಸೀಟಿನ ಕೆಳಗೆ ಎರಡೂ ಬದಿಗೆ ಉಕ್ಕಿನ ಮುಚ್ಚಳದ ಪುಟ್ಟ ಪೆಟ್ಟಿಗೆಗಳಿದ್ದವು. ಪಾನ, ಸ್ಪಾರ್ಕ್ ಪ್ಲಗ್ಗು, ಬ್ಯಾಟರಿ ಅಲ್ಲಿ. ಉಳಿದ ಸಾಮಾನು ಹಿಂದೆ ಕೂತವರ ತೊಡೆಯ ಮೇಲೆ.

ಗಟ್ಟಿ ಪೆಟ್ಟಿಗೆಯೇ ಭದ್ರ, ಬಟ್ಟೆಯ ಚೀಲ ಕಳ್ಳನಿಗೆ ತೆರೆದ ಬಾಗಿಲು ಎಂಬ ನಂಬಿಕೆ ಈಗ ಬಲವಾಗಿದೆ. ಇದನ್ನು ಅರ್ಧ ಮಾತ್ರ ಒಪ್ಪಬಹುದು. ಅಲ್ಯುಮಿನಿಯಂ ಪೆಟ್ಟಿಗೆಯನ್ನು ಚಾಕುವಿನಿಂದ ಸೀಳಲಾಗದು, ನಿಜ. ಆದರೆ ಅದನ್ನು ಹೊತ್ತ ಚೌಕಟ್ಟು ನಾಲ್ಕಾರು ಬೋಲ್ಟುಗಳ ಮೇಲೆ ನಿಂತಿದೆ, ಬೀಗ ಕಳ್ಳನಿಗೆ ಕೆಲವು ನಿಮಿಷಗಳ ತಡೆ. ಆ ನಿಮಿಷಗಳು ಜನ ಓಡಾಡುವ ಬೀದಿಯಲ್ಲಿ ಸಾಕು, ನಿರ್ಜನ ಪಾರ್ಕಿಂಗಿನಲ್ಲಿ ಸಾಲವು. ಅಷ್ಟಲ್ಲದೆ ಗಟ್ಟಿ ಪೆಟ್ಟಿಗೆ ತನ್ನ ತೂಕವನ್ನು ಹೊರಗೆ, ಹಿಂದಕ್ಕೆ ಚಾಚುತ್ತದೆ. ಕಲ್ಲುದಾರಿಯಲ್ಲಿ ಆ ಕುಲುಕಾಟ ಗಾಡಿಯ ಹಿಂಭಾಗದ ಚೌಕಟ್ಟನ್ನೇ ಬಿರುಕು ಬಿಡಿಸಬಲ್ಲದು. ಗಾಡಿ ಉರುಳಿದರೆ ಕಾಲು ಅದರಡಿ ಸಿಕ್ಕುತ್ತದೆ. ಆದ್ದರಿಂದಲೇ ಲಡಾಖ್, ಸ್ಪಿತಿ ಕಡೆ ಹೋಗುವ ಹಲವರು ಮತ್ತೆ ಮೆತ್ತನೆಯ ಚೀಲಕ್ಕೆ ಮರಳಿದ್ದಾರೆ: ದಪ್ಪ ನೈಲಾನಿನ ಹೊರಮೈ, ಒಳಗೆ ಅಂಚು ಬೆಸೆದ ಪಿವಿಸಿ ಚೀಲ, ಬಾಯಿಯನ್ನು ಮೂರು ಸುತ್ತು ಸುರುಳಿ ಮಾಡಿ ಬಕಲ್. ನಮ್ಮ ಮಳೆಗಾಲಕ್ಕೆ ತೊಗಲು ನೋಡಲು ಚೆಂದ, ಬಾಳಲು ಕಷ್ಟ. ನೆನೆದು ಒಣಗಿ ಬಿರಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಮೆತ್ತನೆಯ ಚೀಲದವರು ರಾತ್ರಿ ತಂಗುವಲ್ಲಿ ಅದನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕೋಣೆಗೆ ಒಯ್ಯುತ್ತಾರೆ. ಅವರಿಗೆ ಬೀಗದ ಚಿಂತೆ ಕಡಿಮೆ, ಯಾಕೆಂದರೆ ಕಾವಲಿನ ಕೆಲಸವನ್ನು ಅವರು ವಾಪಸು ತಾವೇ ವಹಿಸಿಕೊಂಡಿದ್ದಾರೆ.

ಹಾಗಾಗಿ ಚೀಲ ಆರಿಸುವವರು ಕೇಳಿಕೊಳ್ಳಬೇಕಾದ್ದು ಬೀಗ ಎಷ್ಟು ಗಟ್ಟಿ ಎಂದಲ್ಲ, ಎಷ್ಟು ಹೊತ್ತು ಇದನ್ನು ಬಿಟ್ಟಿರುತ್ತೇನೆ ಎಂದು. ನಗರದ ಹೊರವಲಯದಿಂದ ಬೆಳಗಿನ ಜಾವ ಬರುವ ಹಾಲಿನವರ ಗಾಡಿಗಳನ್ನು ನೋಡಿ. ಎರಡು ಬದಿಗೂ ಕೊಕ್ಕೆಗೆ ಸಿಕ್ಕಿಸಿದ ದೊಡ್ಡ ಕ್ಯಾನು, ಸರಿತೂಕ, ಬೀಗವಿಲ್ಲ. ಹೇರೆತ್ತಿನ ವಿನ್ಯಾಸ ಹಾಗೇ ಉಳಿದಿದೆ. ಹಾಲಿನವರು ಬಾಗಿಲಲ್ಲಿ ನಿಂತು ಅಳೆದುಕೊಡುತ್ತಾರೆ, ಗಾಡಿ ಕಣ್ಣಳತೆಯಲ್ಲಿ ಇರುತ್ತದೆ. ಊಟ ತಲುಪಿಸುವ ಹುಡುಗರ ಸ್ಥಿತಿ ಇದಕ್ಕೆ ತಲೆಕೆಳಗು: ಒಬ್ಬರ ಪೊಟ್ಟಣ ಹಿಡಿದು ನಾಲ್ಕನೆಯ ಮಹಡಿ ಹತ್ತುವಾಗ ಇನ್ನಿಬ್ಬರ ಊಟ ಕೆಳಗೆ ಬೀದಿಯಲ್ಲಿ, ಜಿಪ್ಪಿನ ಚೀಲದಲ್ಲಿ. 2020ರಲ್ಲಿ ಕೇಂದ್ರ ಸರಕಾರ ಮೋಟರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ಗಾಡಿಗೆ ಕೂರಿಸುವ ಸರಕಿನ ಪೆಟ್ಟಿಗೆಗೆ 550 ಮಿಲಿಮೀಟರ್ ಉದ್ದ, 510 ಅಗಲ, 500 ಎತ್ತರದ ಮಿತಿ ಹಾಕಿತು. ಪೆಟ್ಟಿಗೆ ಹಿಂದಿನ ಸೀಟಿನ ಜಾಗದಲ್ಲಿ ಕೂತರೆ ಗಾಡಿಯಲ್ಲಿ ಚಾಲಕನ ಹೊರತು ಇನ್ನೊಬ್ಬರು ಇರುವಂತಿಲ್ಲ ಎಂದಿತು. ಉರುಳುವ ಅಪಾಯದ ದೃಷ್ಟಿಯಿಂದ ಅದು ಸರಿಯಾದ ನಿಯಮವೇ. ಆದರೆ ಊಟ ತಲುಪಿಸುವ ಹುಡುಗರು ಮಹಡಿ ಹತ್ತಿದಾಗ ಗಾಡಿಯ ಹತ್ತಿರ ನಿಲ್ಲಬಹುದಾಗಿದ್ದ ಆ ಎರಡನೆಯ ಮನುಷ್ಯನ ಸೀಟಿನಲ್ಲಿ ಈಗ ಪೆಟ್ಟಿಗೆಯೇ ಕೂತಿದೆ.