ಬಿಡುವಿನ ದಿನದ ಪೂರ್ವೋತ್ತರ

ಕಳೆದ ತಿಂಗಳು ನಮ್ಮ ಮಗನಿಗೆ ಒಂದು ದಿನದ ರಜೆ ದೊರೆಯಿತು. ಬೆಳಗ್ಗೆ ಕೈಯಲ್ಲೊಂದು ಚೀಟಿಯನ್ನು ಹಿಡಿದು, ತಾಯಿಯನ್ನು ಜೊತೆಗೆ ಕರೆದುಕೊಂಡು ಹೊರಟವನು ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದನು. ಬ್ಯಾಂಕು, ತಾಲ್ಲೂಕು ಕಚೇರಿ, ಹಲ್ಲಿನ ವೈದ್ಯರು, ಕಣ್ಣಿನ ವೈದ್ಯರು, ಅಂಗಡಿಬೀದಿ, ಇವೆಲ್ಲವೂ ಆ ಒಂದು ಹಗಲಿನೊಳಗೆ ಅಡಕವಾಗಬೇಕಾಗಿದ್ದಿತು. ಜಗಲಿಯ ಮೇಲೆ ಕುಳಿತು, “ಅಪ್ಪಾ, ರಜೆಯೆಂದರೆ ಇಷ್ಟೇ ಏನು?” ಎಂದು ಕೇಳಿದನು. ನಾನು ಒಡನೆ ಉತ್ತರ ಹೇಳಲಾರದೆ ಹೋದೆನು. ಬಿಡುವಿನ ದಿನವೆಂಬುದು ಎಲ್ಲಿಂದ ಬಂದಿತು, ಯಾರಿಗಾಗಿ ಬಂದಿತು ಎಂಬುದನ್ನು ವಾಚಕರೊಡನೆ ಸ್ವಲ್ಪ ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಪ್ರಾಚೀನರು ಪಾಠವಿಲ್ಲದ ದಿನವನ್ನು ಅನಧ್ಯಾಯವೆಂದು ಕರೆದರು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿ, ಚತುರ್ದಶಿಗಳು ವೇದಪಾಠಕ್ಕೆ ವರ್ಜ್ಯವೆಂದು ಹೇಳಿದೆ. ಯಾಜ್ಞವಲ್ಕ್ಯರು ಶಿಷ್ಟರು ಮನೆಗೆ ಬಂದಾಗಲೂ ಓದನ್ನು ನಿಲ್ಲಿಸಬೇಕೆನ್ನುತ್ತಾರೆ. ಪಾಡ್ಯದಲ್ಲಿ ಓದಿದ ವಿದ್ಯೆ ಸೊರಗುವುದೆಂಬ ನಂಬಿಕೆ ಎಷ್ಟು ಹಳೆಯದೆಂದರೆ, ಸುಂದರಕಾಂಡದಲ್ಲಿ ಸೀತೆಯ ಕೃಶತೆಯನ್ನು ತಿಳಿಸಲು ಹನುಮಂತನು ಆ ಹೋಲಿಕೆಯನ್ನೇ ಹಿಡಿಯುತ್ತಾನೆ. ಆದರೆ ಒಂದು ಅಂಶವನ್ನು ಮರೆಯಬಾರದು. ಅನಧ್ಯಾಯವು ವೇದದ ಪಾವಿತ್ರ್ಯಕ್ಕಾಗಿ ಹುಟ್ಟಿದುದೇ ಹೊರತು ದಣಿದ ದೇಹಕ್ಕಾಗಿ ಅಲ್ಲ. ವೇದಾಂಗಗಳಿಗೂ ನಿತ್ಯದ ಸ್ವಾಧ್ಯಾಯಕ್ಕೂ ಈ ನಿಷೇಧವಿಲ್ಲವೆಂದು ಮನುವೇ ಹೇಳಿದ್ದಾನೆ. ಗದ್ದೆಯಲ್ಲಿ ದುಡಿಯುವವನ ಮಾತು ಆ ಪ್ರಕರಣದಲ್ಲಿ ಬರುವುದೇ ಇಲ್ಲ. ಅವನ ಮನೆವಾರ್ತೆಯ ಕೆಲಸಗಳೆಲ್ಲ ಸಂತೆಯ ದಿನಕ್ಕೆ ಕಾದಿರುತ್ತಿದ್ದುವು. ಉಪ್ಪು ಮೆಣಸು ಕೊಳ್ಳುವುದು, ಕುಳವನ್ನು ಹದಮಾಡಿಸುವುದು, ನಾಟಿವೈದ್ಯನಿಗೆ ಕೈನಾಡಿ ತೋರಿಸುವುದು, ಎಲ್ಲವೂ ಅಂದೇ.

ವಾರಗಣನೆ ನಮ್ಮ ನಾಡಿಗೆ ಹೊಸದಲ್ಲ. ಮಧ್ಯಪ್ರದೇಶದ ಏರಣ್ ಎಂಬಲ್ಲಿರುವ ಬುಧಗುಪ್ತನ ಕಾಲದ ಸ್ತಂಭಶಾಸನದಲ್ಲಿ, ಕ್ರಿ. ಶ. ೪೮೪ರಷ್ಟು ಹಿಂದೆಯೇ, ತಿಥಿಯೊಡನೆ ಗುರುವಾರವನ್ನು ಹೇಳಿದೆ. ಆದರೆ ವಾರಕ್ಕೆ ಹೆಸರಿದ್ದ ಮಾತ್ರಕ್ಕೆ ವಾರದ ರಜೆ ಇದ್ದಿತೆಂದು ತಿಳಿಯಬಾರದು. ಆದಿತ್ಯವಾರದ ಬಿಡುವನ್ನು ಮೊದಲು ರಾಜಾಜ್ಞೆಯಾಗಿ ಮಾಡಿದವನು ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು, ಕ್ರಿ. ಶ. ೩೨೧ರಲ್ಲಿ. ಅವನೂ ನ್ಯಾಯಾಧೀಶರಿಗೆ, ಪಟ್ಟಣಿಗರಿಗೆ, ಕಸಬುದಾರರಿಗೆ ಬಿಡುವು ಕೊಟ್ಟು, ಬಿತ್ತನೆಯ ಹದ ತಪ್ಪೀತೆಂದು ಒಕ್ಕಲಿಗರನ್ನು ಅವರಿಷ್ಟಕ್ಕೆ ಬಿಟ್ಟನು. ಹದವು ವಾರವನ್ನು ಕೇಳುವುದಿಲ್ಲವಷ್ಟೆ!

ಬ್ರಿಟಿಷರ ಆಳ್ವಿಕೆಯೊಡನೆ ಈ ಪದ್ಧತಿ ನಮ್ಮ ಕಚೇರಿಗಳಿಗೂ ಶಾಲೆಗಳಿಗೂ ಬಂದಿತು. ಗಿರಣಿಗಳಲ್ಲಿ ದುಡಿಯುವವರಿಗೆ ಮಾತ್ರ ಅದು ಸುಲಭವಾಗಿ ದೊರೆಯಲಿಲ್ಲ. ೧೮೮೧ರ ಕಾರ್ಖಾನೆ ಕಾಯಿದೆಯು ಮಕ್ಕಳಿಗೆ ಮಾತ್ರ ತಿಂಗಳಿಗೆ ನಾಲ್ಕು ದಿನಗಳ ರಜೆಯನ್ನು ವಿಧಿಸಿತು. ೧೮೮೪ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಮುಂಬಯಿಯ ಗಿರಣಿ ಕೆಲಸಗಾರರನ್ನು ಕೂಡಿಸಿ ಮನವಿಯನ್ನು ಸಿದ್ಧಪಡಿಸಿದರು. ವಾರಕ್ಕೊಂದು ದಿನದ ಬಿಡುವು ಅವರ ಮುಖ್ಯವಾದ ಬೇಡಿಕೆ. ಆರು ವರ್ಷಗಳ ಪ್ರಯತ್ನದ ಮೇಲೆ, ೧೮೯೦ರ ಜೂನ್ ೧೦ರಂದು ಗಿರಣಿಯ ಮಾಲಿಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾಯಿದೆಯು ಕಾರ್ಖಾನೆಯ ಎಲ್ಲ ಕೆಲಸಗಾರರಿಗೂ ವಾರದ ಬಿಡುವನ್ನು ವಿಧಿಸಿತು. ಮಹಾರಾಷ್ಟ್ರದಲ್ಲಿ ಭಾನುವಾರವು ಖಂಡೋಬನ ವಾರ. ಆ ಖಂಡೋಬನೇ ನಮ್ಮ ಮೈಲಾರಲಿಂಗ. ಆದುದರಿಂದ ಆ ದಿನವು ಕೆಲಸಗಾರರಿಗೆ ಪರಕೀಯವಾಗಿ ತೋರಿರಲಾರದು. ಇಂದು ನಾವು ಕಾಲು ಚಾಚಿ ಕುಳಿತುಕೊಳ್ಳುವ ಭಾನುವಾರವು ದಾನವಾಗಿ ಬಂದುದಲ್ಲ, ಕೇಳಿ ಪಡೆದುದು ಎಂಬುದು ನೆನಪಿನಲ್ಲಿರಬೇಕು.

ಇಷ್ಟು ದೊಡ್ಡ ಲಾಭದೊಡನೆ ಒಂದು ಸಣ್ಣ ತೊಡಕೂ ಬಂದಿತು. ನಾನು ಬಾಲ್ಯದಲ್ಲಿ ಓದಿದುದು ಸಂಸ್ಕೃತ ಪಾಠಶಾಲೆಯಲ್ಲಿ. ಅಲ್ಲಿ ಪಾಡ್ಯ, ಅಷ್ಟಮಿಗಳಂದು ಪಾಠವಿಲ್ಲ. ತಿಥಿಯು ಯಾವ ವಾರಕ್ಕಾದರೂ ಬರುವುದರಿಂದ, ನಮಗೆ ಬಿಡುವಾದ ದಿನ ಊರಿನ ಕಚೇರಿ, ಆಸ್ಪತ್ರೆಗಳು ಸಾಮಾನ್ಯವಾಗಿ ತೆರೆದೇ ಇರುತ್ತಿದ್ದುವು. ಅಜ್ಜಿಯನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಅಷ್ಟಮಿಯಂದು ನನ್ನದು. ಮುಂದೆ ನಾನು ಉಪಾಧ್ಯಾಯನಾದ ಮೇಲೆ ನನ್ನ ಬಿಡುವು ಭಾನುವಾರಕ್ಕೆ ಬಂದಿತು. ವೈದ್ಯರ ಬಿಡುವೂ ಭಾನುವಾರವೇ. ಎಲ್ಲರೂ ಒಂದೇ ದಿನ ಬಾಗಿಲು ಹಾಕಿಕೊಂಡರೆ ಯಾರ ಕೆಲಸವನ್ನು ಯಾರು ಮಾಡಿಕೊಡಬೇಕು?

ಒಂದು ಬೇಸಗೆಯ ರಜೆಯಲ್ಲಿ ನಮ್ಮ ಮನೆಯವರೊಡನೆ ಪಟ್ಟಣಕ್ಕೆ ಹೋದೆನು. ಎಡಗಣ್ಣು ಮಸುಕಾಗುತ್ತಿದೆಯೆಂದು ಅವರು ಎರಡು ಮೂರು ಬಾರಿ ಹೇಳಿದ್ದರು. ನಾನು ಮೊದಲು ಬ್ಯಾಂಕು, ಆಮೇಲೆ ಮನೆಯ ಕಂದಾಯ, ಆಮೇಲೆ ಪುಸ್ತಕದಂಗಡಿ ಎಂದು ಕ್ರಮ ಹಾಕಿಕೊಂಡೆನು. ಕಣ್ಣಿನ ಆಸ್ಪತ್ರೆಯನ್ನು ಸೇರುವ ಹೊತ್ತಿಗೆ ಅಂದಿನ ಚೀಟಿಗಳು ಮುಗಿದುಹೋಗಿದ್ದುವು. “ಮುಂದಿನ ರಜೆಯಲ್ಲಿ ತೋರಿಸಿದರಾಯಿತು ಬಿಡಿ, ನೋವೇನೂ ಇಲ್ಲವಲ್ಲ” ಎಂದು ಅವರೇ ನನ್ನನ್ನು ಸಮಾಧಾನಪಡಿಸಿದರು. ಮುಂದಿನ ರಜೆಯಲ್ಲಿ ತೋರಿಸಿದಾಗ ವೈದ್ಯರು ಗ್ಲಾಕೋಮಾ ಎಂದರು. ಕಣ್ಣಿನೊಳಗಣ ಒತ್ತಡದಿಂದ ದೃಷ್ಟಿಯ ನರವು ನವೆಯುವ ರೋಗವದು. ನೋವಿಲ್ಲದೆಯೇ ಬೆಳೆಯುತ್ತದೆ; ಇರುವ ದೃಷ್ಟಿಯನ್ನು ಔಷಧದಿಂದ ಕಾಪಾಡಿಕೊಳ್ಳಬಹುದು, ಹೋದುದು ಮರಳಿ ಬಾರದು. ಎಡಗಣ್ಣಿನ ದೃಷ್ಟಿ ಬಹುಪಾಲು ಹೋಗಿದ್ದಿತು. ಇದರಲ್ಲಿ ಆಸ್ಪತ್ರೆಯ ತಪ್ಪನ್ನು ನಾನು ಎಣಿಸಲಾರೆ. ಕ್ರಮವನ್ನು ಹಾಕಿಕೊಂಡವನು ನಾನು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿದ್ದ ಕೋಡಿಯ ಮಠವನ್ನು ವರ್ಣಿಸುವ ಕ್ರಿ. ಶ. ೧೧೬೨ರ ಶಾಸನವೊಂದುಂಟು. ವೇದ, ವ್ಯಾಕರಣ, ದರ್ಶನಗಳ ಪಾಠವೂ, ದೀನರಿಗೆ ಅನ್ನವೂ, ರೋಗಿಗಳಿಗೆ ಚಿಕಿತ್ಸೆಯೂ ಅಲ್ಲಿ ಒಂದೇ ಕಡೆ ನಡೆಯುತ್ತಿದ್ದುದಾಗಿ ಅದರಿಂದ ತಿಳಿದುಬರುತ್ತದೆ. ಈ ಶಾಸನವನ್ನು ನಾನು ಮಕ್ಕಳಿಗೆ ಹಲವು ವರ್ಷ ಪಾಠ ಹೇಳಿದ್ದೇನೆ. ವಿದ್ಯೆಯೂ ಆರೋಗ್ಯವೂ ಒಂದೇ ಸೂರಿನಡಿ ಇರತಕ್ಕವು ಎಂಬ ಅದರ ಅರ್ಥವು ನನಗೆ ತಿಳಿದುದು ಮಾತ್ರ ತಡವಾಗಿ.

ರಜೆಯೆಂದರೆ ಇಷ್ಟೇ ಏನು ಎಂದ ಮಗನಿಗೆ ಮರುದಿನ ಉತ್ತರ ಹೇಳಿದೆನು: “ಇಷ್ಟೇ ಅಲ್ಲಪ್ಪ. ಆದರೆ ಇದೂ ಅದರೊಳಗೆ ಸೇರಿದೆ. ಕೇಳಿ ಪಡೆದ ದಿನ ಅದು. ಅದರಲ್ಲಿ ಯಾವುದು ಮೊದಲೆಂಬುದನ್ನು ನಾವೇ ನಿರ್ಧರಿಸಬೇಕು.” ಅವನು ಒಳಗಿನಿಂದ ಹಿಂದಿನ ದಿನದ ಚೀಟಿಯನ್ನು ತಂದು ತೋರಿಸಿದನು. ಮೊದಲನೆಯ ಸಾಲಿನಲ್ಲಿಯೇ ‘ಅಮ್ಮನ ಕಣ್ಣು’ ಎಂದು ಬರೆದಿದ್ದಿತು.