ಜ್ಯೂಬಿಲಿ ಗಾಯಕರು

ವಿಶ್ವವಿದ್ಯಾನಿಲಯವೊಂದು ಸಾಲ ತೀರಿಸಲು ತನ್ನ ವಿದ್ಯಾರ್ಥಿಗಳನ್ನು ಊರೂರಿಗೆ ಹಾಡಲು ಕಳುಹಿಸಿತೆಂದರೆ ಓದುಗರಿಗೆ ನಗೆ ಬಂದೀತು. ಅಮೆರಿಕದ ನ್ಯಾಶ್‌ವಿಲ್ ನಗರದ ಫಿಸ್ಕ್ ವಿದ್ಯಾನಿಲಯ ಉಳಿದುದು ಹೀಗೆಯೇ.

ಅಂತರ್ಯುದ್ಧ ಮುಗಿದ ಮರುವರ್ಷ, 1866ರಲ್ಲಿ, ಬಿಡುಗಡೆ ಹೊಂದಿದ ಗುಲಾಮರಿಗಾಗಿ ಅದು ಸೈನ್ಯದ ಹಳೆಯ ಆಸ್ಪತ್ರೆಯ ಕಟ್ಟಡಗಳಲ್ಲಿ ತೆರೆಯಿತು. ಗುಲಾಮರನ್ನು ಮಾರಾಟಕ್ಕೆ ಕೂಡಿಹಾಕುತ್ತಿದ್ದ ಕಡೆ ಬಿದ್ದಿದ್ದ ಬೇಡಿಗಳನ್ನು ಹಳೆಯ ಕಬ್ಬಿಣದ ಬೆಲೆಗೆ ಮಾರಿ ಓದುವ ಪುಸ್ತಕ ಕೊಂಡರಂತೆ! ಆದರೂ ಐದೇ ವರ್ಷದಲ್ಲಿ ಬಾಗಿಲು ಹಾಕುವ ಸ್ಥಿತಿ ಬಂತು.

ಖಜಾಂಚಿ ಜಾರ್ಜ್ ವೈಟ್ ಸಂಗೀತವನ್ನೂ ಕಲಿಸುತ್ತಿದ್ದರು. 1871ರ ಅಕ್ಟೋಬರ್ 6ರಂದು ಒಂಬತ್ತು ಮಂದಿ ತರುಣ ತರುಣಿಯರೊಡನೆ ಅವರು ಉತ್ತರಕ್ಕೆ ಹೊರಟರು. ಹೆಚ್ಚಿನವರು ಹುಟ್ಟಾ ಗುಲಾಮರು. ಪಿಯಾನೋ ನುಡಿಸುತ್ತಿದ್ದ ಎಲಾ ಶೆಪರ್ಡಳನ್ನು ಹೆತ್ತ ತಂದೆಯೇ 350 ಡಾಲರು ತೆತ್ತು ಬಿಡಿಸಿಕೊಂಡಿದ್ದ, ತಾಯಿಯನ್ನು ಬಿಡಿಸಲಾಗಲಿಲ್ಲ.

ಮೊದಮೊದಲು ಅವರು ಬಿಳಿಯರ ಹಾಡುಗಳನ್ನೇ ಹೆಚ್ಚಾಗಿ ಹಾಡಿದರು; ಬಂದ ಕಾಣಿಕೆ ದಾರಿಖರ್ಚಿಗೂ ಸಾಲದು. ತಾಯ್ತಂದೆಯರು ದಾಸ್ಯದಲ್ಲಿ ಗುಟ್ಟಾಗಿ ಹಾಡಿಕೊಂಡ ಭಕ್ತಿಗೀತೆಗಳು ಅವರಿಗೆ ಬರುತ್ತಿದ್ದವು. ಆದರೆ ಅವು ಮರೆಯಬೇಕೆಂದಿದ್ದ ಕಾಲದವು, ಹಿರಿಯರಿಗೆ ಪವಿತ್ರವಾದವು. ಸಭೆಗೆ ತರಲು ಮನಸ್ಸಿರಲಿಲ್ಲ. ಈ ಸಂಕೋಚವನ್ನು ಹಗುರವಾಗಿ ಕಾಣಬಾರದು. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಗುಲಾಮರನ್ನು ಅಣಕಿಸುವ ಆಟ ಆಗ ಬಹು ಜನಪ್ರಿಯ. ಕರಿಯರು ವೇದಿಕೆ ಹತ್ತಿದರೆ ಜನ ಕಾದಿದ್ದುದು ಆ ಕೋಡಂಗಿಯಾಟವನ್ನೇ. ಅಂಥವರೆದುರು ತಾಯಿಯ ಅಳಲನ್ನು ಹಾಡುವುದು ಹೇಗೆ?

ನವೆಂಬರಿನಲ್ಲಿ, ಒಬರ್ಲಿನ್ ಎಂಬ ಊರಿನಲ್ಲಿ ಸೇರಿದ್ದ ಕ್ರೈಸ್ತ ಸಂಘಗಳ ಮಹಾಸಭೆಯಲ್ಲಿ, ಆ ಗೀತೆಗಳನ್ನು ಹಾಡಿದರು. ಸಭೆ ಸ್ತಬ್ಧವಾಯಿತು. ಅಲ್ಲಿಂದ ಅದೃಷ್ಟ ತಿರುಗಿತು. ವೈಟ್ ಇಟ್ಟ ಹೆಸರು ‘ಜ್ಯೂಬಿಲಿ ಗಾಯಕರು’: ಬೈಬಲಿನ ಪ್ರಕಾರ ಜ್ಯೂಬಿಲಿ ಎಂದರೆ ದಾಸರಿಗೆ ಬಿಡುಗಡೆ ಕೊಡುವ ಐವತ್ತನೆಯ ವರ್ಷ. 1872ರಲ್ಲಿ ಅಧ್ಯಕ್ಷ ಗ್ರಾಂಟರ ಮುಂದೆ, 1873ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಇಷ್ಟಾದರೂ ಅಮೆರಿಕದ ಎಷ್ಟೋ ಹೋಟೆಲುಗಳು ಅವರಿಗೆ ಕೋಣೆ ಕೊಡಲಿಲ್ಲವೆಂಬುದನ್ನು ರಾಣಿಯ ಪ್ರಸಂಗ ಹೇಳುವವರು ಮರೆಯುತ್ತಾರೆ.

ಬಂದ ಹಣದಿಂದ ಎದ್ದ ಜ್ಯೂಬಿಲಿ ಭವನ 1876ರಲ್ಲಿ ಪೂರ್ಣವಾಯಿತು, ಇಂದಿಗೂ ನಿಂತಿದೆ. 1878ರಲ್ಲಿ ದಣಿದ ಮೇಳ ಚದುರಿತು. ಕೆಲವರ ಆರೋಗ್ಯ ಕೆಟ್ಟಿತ್ತು. ವಿದ್ಯಾನಿಲಯವನ್ನು ಉಳಿಸಿದ ಆ ಹಾಡುಗಾರರಲ್ಲಿ ಬಹುಮಂದಿ ಅದರ ಪದವಿ ಪಡೆಯಲೇ ಇಲ್ಲ. ಎಲಾ ಶೆಪರ್ಡ್ ಮಾತ್ರ, ಬಾಲ್ಯದಲ್ಲಿ ಅಗಲಿದ್ದ ತಾಯಿಯನ್ನು ಹುಡುಕಿ ತಂದು, ನ್ಯಾಶ್‌ವಿಲ್ಲಿನಲ್ಲಿ ತನ್ನ ಜೊತೆ ಇರಿಸಿಕೊಂಡಳು.