ಶಿಷ್ಯನಾಗಿಯೇ ಉಳಿದ ಗುರು: ಪಂಜೆ ಮಂಗೇಶರಾಯರು

ನರಿಕೊಂಬು, ಪಾಣೆಮಂಗಳೂರುಗಳ ನೆರೆಯ ಬಂಟ್ವಾಳವು ಕನ್ನಡ ನಾಡಿಗಿತ್ತ ಆದರ್ಶ ಅಧ್ಯಾಪಕರು ಪಂಜೆ ಮಂಗೇಶರಾಯರು. 1874ರ ಫೆಬ್ರವರಿ 22ರಂದು ರಾಮಪ್ಪಯ್ಯ, ಸೀತಮ್ಮ ದಂಪತಿಗಳಿಗೆ ಜನಿಸಿದ ಇವರ ಮನೆಮಾತು ಕೊಂಕಣಿ. ತಂದೆಯವರು ಬೇಗನೆ ತೀರಿಕೊಂಡುದರಿಂದ ತಾಯಿಯ ಹಾಗೂ ಒಡಹುಟ್ಟಿದವರ ಭಾರ ಎಳವೆಯಲ್ಲಿಯೇ ಇವರ ಹೆಗಲೇರಿತು. ತಾವು ಓದುತ್ತ, ಇತರರಿಗೆ ಪಾಠ ಹೇಳುತ್ತ ಸಂಸಾರವನ್ನು ಸಲಹಿದರು.

ಮುಂದೆ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ಸೇವೆ ಸಲ್ಲಿಸಿದರು. ಇನ್‌ಸ್ಪೆಕ್ಟರರ ಹೆಸರು ಕೇಳಿದರೆ ಶಾಲೆಯೇ ನಡುಗುತ್ತಿದ್ದ ಕಾಲವದು. ಪಂಜೆಯವರಾದರೋ ಮಕ್ಕಳ ನಡುವೆ ನಿಂತು ಕತೆ ಹೇಳಿದರು, ಹಾಡಿದರು. ಬೆತ್ತದಿಂದ ಬಾರದ ವಿದ್ಯೆ ಪ್ರೀತಿಯಿಂದ ಬರುವುದೆಂಬುದು ಅವರ ನಡೆಯಿಂದಲೇ ತಿಳಿಯುತ್ತಿತ್ತು. ರಾಬರ್ಟ್ ಬ್ರೌನಿಂಗನ ಕವಿತೆಯೊಂದು ಅವರ ಕೈಯಲ್ಲಿ ‘ಇಲಿಗಳ ಥಕಥೈ’ ಎಂಬ ಕನ್ನಡದ ಕತೆಯಾಯಿತು.

ಮಕ್ಕಳಿಗಾಗಿ ಬರೆದವರ ಪಾಂಡಿತ್ಯ ಕಿರಿದೆಂದು ಎಣಿಸಲಾಗದು. ಜೈನ ವೈಯಾಕರಣ ಕೇಶಿರಾಜನ ‘ಶಬ್ದಮಣಿದರ್ಪಣ’ದ ಕಿಟೆಲ್ ಆವೃತ್ತಿಯನ್ನು ಪರಿಷ್ಕರಿಸಿದವರೂ ಇವರೇ. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಅವರನ್ನರಸಿ ಬಂತು. ಇಷ್ಟೆಲ್ಲ ಗೌರವ ಪಡೆದರೂ ಅವರು ಇಟ್ಟುಕೊಂಡ ಕಾವ್ಯನಾಮ ‘ಕವಿಶಿಷ್ಯ’. 1937ರಲ್ಲಿ ಅವರು ಕಾಲವಾದರು.

ಮನೆಯವರನ್ನು ಸಲಹಿದ ಅಕ್ಕರೆಯನ್ನೇ ಅವರು ಪರರ ಮಕ್ಕಳಿಗೂ ಎರೆದರು. ಶಾಲೆಗೆ ಕಟ್ಟಡ ಕಟ್ಟಿಸಿಕೊಡುವ ದಾನಿಗಳು ನಮ್ಮಲ್ಲಿ ಅನೇಕರಿದ್ದಾರೆ, ಅದು ಸ್ತುತ್ಯವೇ. ಆದರೆ ಆ ಕಟ್ಟಡದೊಳಗೆ ಮಗುವಿನ ಭಯ ನೀಗುವ ಗುರುವೊಬ್ಬನಿಲ್ಲದಿದ್ದರೆ ವಿದ್ಯಾದಾನವು ಪೂರ್ಣವಾದೀತೆ? ಅಂತಹ ಗುರುವನ್ನು ಅರಸಿ ತಂದು, ಗೌರವದಿಂದ ಉಳಿಸಿಕೊಳ್ಳುವುದೂ ದಾನಿಗಳ ಕರ್ತವ್ಯವೇ.